ಕಾಫಿ ಅಂಗಡಿಯ ಪ್ರೋಗ್ರಾಂಗೆ ಸೆಟ್ಟಿಂಗ್ಸ್ ಪರದೆ: ಯಾವುದು ಒಳಗಿರಬೇಕು, ಯಾವುದು ಹೊರಗೆ

ದಕ್ಷಿಣ ಕೊಡಗಿನಲ್ಲಿ, ಸಿದ್ದಾಪುರ-ಗೋಣಿಕೊಪ್ಪ ಕಡೆ, ಕಾಫಿ ಮತ್ತು ಕರಿಮೆಣಸು ಕೊಳ್ಳುವ ಒಂದು ಅಂಗಡಿ ಇದೆ. ತೂಕ ಹಾಕಿ ಬೆಳೆಗಾರರಿಗೆ ಚೀಟಿ ಕೊಡುವ ಕೆಲಸಕ್ಕೆ ಅಲ್ಲೊಂದು ಪೈಥಾನ್ ಪ್ರೋಗ್ರಾಂ. ಪರದೆಯ ಭಾಗವೆಲ್ಲ ಟಿಕಿಂಟರ್, ಅಂದರೆ ಪೈಥಾನ್‌ನಲ್ಲಿ ವಿಂಡೋ, ಬಟನ್ ಕಟ್ಟುವ ಲೈಬ್ರರಿ. ಮಾಲೀಕರ ಸಂಬಂಧಿಕರ ಹುಡುಗ ಕಾಲೇಜಿನಲ್ಲಿದ್ದಾಗ ಬರೆದುಕೊಟ್ಟಿದ್ದು, ಈಗ ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಫೋನ್ ಮಾಡಿದರೆ ಭಾನುವಾರ ಸಿಗುತ್ತಾನೆ. ಪ್ರೋಗ್ರಾಂ ಕೆಟ್ಟದ್ದೇನಲ್ಲ. ಆದರೆ ಬದಲಾಯಿಸಬೇಕಾದ್ದೆಲ್ಲ ಸ್ಕ್ರಿಪ್ಟ್‌ನ ತಲೆಯಲ್ಲೇ ಸಾಲಾಗಿ ಕೂತಿತ್ತು: ದರ, ಖಾಲಿ ಚೀಲದ ತೂಕ, ಓಟಿ (ಔಟ್‌ಟರ್ನ್, ಒಣಗಿದ ಕಾಯಿಯಿಂದ ಸಿಗುವ ಬೀಜದ ಲೆಕ್ಕ), ಪ್ರಿಂಟರ್ ಹೆಸರು, ತೂಕದ ಮೆಷಿನ್‌ನ ಪೋರ್ಟ್, ಅಂಗಡಿ ಹೆಸರು. ದಿನಾ ಬೆಳಿಗ್ಗೆ ಲೆಕ್ಕ ನೋಡುವ ಅಕ್ಕ ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು, ಆ ದಿನದ ದರ ತಿದ್ದಿ, ಸೇವ್ ಮಾಡಿ, ಆಮೇಲೆ ಪ್ರೋಗ್ರಾಂ ಶುರು ಮಾಡುತ್ತಿದ್ದರು.

ಇದರಲ್ಲಿ ಎಂಥ ಎಡವಟ್ಟಾಗುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. ಅರೇಬಿಕಾ ಪಾರ್ಚ್‌ಮೆಂಟ್‌ಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) 50 ಕೆಜಿ ಚೀಲದ ದರ 20,500 ಅಂತ ಅಕ್ಕ ಟೈಪ್ ಮಾಡುತ್ತಾರೆ ಅಂದುಕೊಳ್ಳಿ. ಕಾಗದದ ಮೇಲೆ ಹಾಗೇ ಬರೆಯುವುದು, ಅಲ್ವಾ? ಪೈಥಾನ್‌ಗೆ ಮಾತ್ರ ಅದು ಇಪ್ಪತ್ತು ಸಾವಿರದ ಐನೂರಲ್ಲ. ಮಧ್ಯೆ ಕಾಮಾ ಇರುವುದರಿಂದ 20 ಮತ್ತು 500 ಅನ್ನುವ ಎರಡು ಸಂಖ್ಯೆಗಳ ಜೋಡಿ. ಪ್ರೋಗ್ರಾಂ ಏನೂ ಗೊಣಗದೆ ತೆರೆದುಕೊಳ್ಳುತ್ತದೆ. ಲೆಕ್ಕ ಹಾಕುವ ಹೊತ್ತಿಗೆ, ಪಾಯಿಂಟ್ ಇರುವ ತೂಕವನ್ನು ಆ ಜೋಡಿಗೆ ಗುಣಿಸಲು ಹೋಗಿ ಎರರ್ ಆಗುತ್ತದೆ. ಕಪ್ಪು ಕಿಟಕಿ ಕಾಣಬಾರದು ಅಂತ ಅದನ್ನು ಪೈಥಾನ್‌ಡಬ್ಲ್ಯೂ ಮೂಲಕ ಓಡಿಸುತ್ತಿದ್ದರು, ಹಾಗಾಗಿ ಎರರ್ ಯಾರಿಗೂ ಕಾಣುವುದಿಲ್ಲ. ಬಟನ್ ಒತ್ತಿದರೆ ಏನೂ ಆಗುವುದಿಲ್ಲ, ಅಷ್ಟೇ. ಅದೇ ದರ 20,060 ಆಗಿದ್ದರೆ ಕಥೆಯೇ ಬೇರೆ. ಸೊನ್ನೆಯಿಂದ ಶುರುವಾಗುವ 060 ಪೈಥಾನ್ 3ಕ್ಕೆ ಒಪ್ಪಿಗೆಯಿಲ್ಲ, ಪ್ರೋಗ್ರಾಂ ತೆರೆಯುವುದೇ ಇಲ್ಲ. ಒಂದೇ ಥರ ಟೈಪ್ ಮಾಡಿದ್ದಕ್ಕೆ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಹೊರಗೆ ಪಿಕಪ್‌ನಲ್ಲಿ ಚೀಲ ತಂದವರು ಕಾಯುತ್ತಾ ನಿಂತಿರುತ್ತಾರೆ.

"ನೋಟ್‌ಪ್ಯಾಡ್ ಸಹವಾಸ ಸಾಕು. ಒಂದು ಬಟನ್ ಇಡಿ, ಒತ್ತಿದರೆ ಎಲ್ಲ ಅಲ್ಲೇ ಬರಬೇಕು" ಅಂತ ಪ್ರೋಗ್ರಾಂ ತಿದ್ದಲು ಬಂದ ನನಗೆ ಅಂದರು ಮಾಲೀಕರು. ಕೇಳಿದ್ದು ಅಷ್ಟೇ. ಇದ್ದ ಸಾಲುಗಳಿಗೆಲ್ಲ ಒಂದೊಂದು ಖಾನೆ ಮಾಡಿ ಕೊಟ್ಟಿದ್ದರೆ ಒಂದು ಸಂಜೆಯ ಕೆಲಸ. ಸ್ಕ್ರಿಪ್ಟ್ ಓದುತ್ತಾ ಹೋದಾಗ ಬೇರೆಯದೇ ಸಮಸ್ಯೆ ಕಂಡಿತು. ಅದೇ ವಾರ ಆ ಸಮಸ್ಯೆ ತಾನಾಗಿಯೇ ನಡೆದುಕೊಂಡು ಅಂಗಡಿಗೂ ಬಂತು.

ಬೆಳೆಗಾರರೊಬ್ಬರು ಹಳೆಯ ಚೀಟಿಯ ಇನ್ನೊಂದು ಪ್ರತಿ ಕೇಳಿದ್ದರು. ಬ್ಯಾಂಕಿಗೆ ಬೇಕಿತ್ತಂತೆ. ಪ್ರಿಂಟ್ ತೆಗೆದುಕೊಟ್ಟರು. ಮಾರನೇ ದಿನ ಅವರು ಎರಡೂ ಚೀಟಿ ಮೇಜಿನ ಮೇಲಿಟ್ಟು "ಒಂದೇ ಲೋಡು, ಎರಡು ಮೊತ್ತ. ಯಾವುದು ಸರಿ ಹೇಳಿ" ಅಂದರು. ಸುಲಭವಾಗಲಿ ಅಂತ ಲೆಕ್ಕವನ್ನು ಬೇರೆ ಅಂಕಿಗಳಲ್ಲಿ ತೋರಿಸುತ್ತೇನೆ. ರೋಬಸ್ಟಾ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ), 12 ಚೀಲ, ಒಟ್ಟು 620 ಕೆಜಿ. ಚೀಲಕ್ಕೆ ಒಂದೊಂದು ಕೆಜಿ ಕಳೆದರೆ 608. ಚೆರಿಗೆ ನಮ್ಮ ಕಡೆ ದರ ಹೇಳುವುದು ಓಟಿ ಮೇಲೆ. ಅಂದರೆ 50 ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವ ಲೆಕ್ಕ. ಓಟಿಗೆ 380 ರೂಪಾಯಿ, ಓಟಿ 27 ಬಂದರೆ 50 ಕೆಜಿಗೆ 10,260. 608 ಕೆಜಿಗೆ 1,24,761.60. ಈಗ ಸ್ಕ್ರಿಪ್ಟ್‌ನ ತಲೆಯಲ್ಲಿ ಓಟಿಯನ್ನು 26.5 ಮಾಡಿ ಅದೇ ಚೀಟಿಯನ್ನು ಮತ್ತೆ ಪ್ರಿಂಟ್ ಮಾಡಿ. 1,22,451.20 ಬರುತ್ತದೆ. 2,310 ರೂಪಾಯಿ 40 ಪೈಸೆ ಮಾಯ.

ಕಾರಣ ಇಷ್ಟೇ. ಡೇಟಾಬೇಸ್‌ನಲ್ಲಿ, ಅದು ಎಸ್‌ಕ್ಯೂಲೈಟ್, ಪ್ರೋಗ್ರಾಂ ಉಳಿಸುತ್ತಿದ್ದದ್ದು ಬರೀ ತೂಕ ಮತ್ತು ಚೀಲದ ಸಂಖ್ಯೆ. ದರ, ಓಟಿ, ಚೀಲದ ತೂಕ ಎಲ್ಲವನ್ನೂ ಪ್ರಿಂಟ್ ಮಾಡುವ ಹೊತ್ತಿಗೆ ಸೆಟ್ಟಿಂಗ್‌ನಿಂದ ತೆಗೆದುಕೊಳ್ಳುತ್ತಿತ್ತು. ಹಾಗಾಗಿ ಇವತ್ತು ಸೆಟ್ಟಿಂಗ್ ಬದಲಾಯಿಸಿದರೆ ಹೋದ ತಿಂಗಳ ಚೀಟಿಯೂ ಬದಲಾಗುತ್ತದೆ. ಇಂಥ ಪ್ರೋಗ್ರಾಂಗೆ ಚೆಂದದ ಸೆಟ್ಟಿಂಗ್ಸ್ ಪರದೆ ಮಾಡಿಕೊಟ್ಟರೆ ಹಳೆಯ ಲೆಕ್ಕ ಕೆಡಿಸುವುದು ಇನ್ನೂ ಸುಲಭವಾಗುತ್ತದೆ ಹೊರತು ಬೇರೇನೂ ಅಲ್ಲ.

ಹಾಗಾಗಿ ಮೊದಲು ಪರದೆಗೆ ಕೈ ಹಾಕಲಿಲ್ಲ. ಒಂದು ಹಾಳೆಯಲ್ಲಿ ಎಲ್ಲ ಸಾಲುಗಳನ್ನೂ ಬರೆದು, ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದು ಯಾವುದಕ್ಕೆ ಸೇರಿದ್ದು? ಮಾಲೀಕರು, ಲೆಕ್ಕದ ಅಕ್ಕ, ತೂಕ ಹಾಕುವ ಹುಡುಗ ಮೂವರನ್ನೂ ಕೂರಿಸಿಕೊಂಡು ಮಾಡಿದ್ದು ಇದು. ನನ್ನ ಮಟ್ಟಿಗೆ ಈ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ, ಉಳಿದದ್ದೆಲ್ಲ ಟಿಕಿಂಟರ್ ಸರ್ಕಸ್ಸು.

ಓಟಿ ಯಾರದ್ದು? ಅಂಗಡಿಯದ್ದಲ್ಲ. ಲೋಡಿನದ್ದು. ಒಬ್ಬರ ತೋಟದ ಚೆರಿ ಕಣದಲ್ಲಿ ಚೆನ್ನಾಗಿ ಒಣಗಿರುತ್ತದೆ, ಇನ್ನೊಬ್ಬರದ್ದು ಅರ್ಧಂಬರ್ಧ. ಸ್ಯಾಂಪಲ್ ತೆಗೆದು, ಸಿಪ್ಪೆ ಬಿಡಿಸಿ, ಬೀಜ ತೂಗಿ ನೋಡಿದ ಮೇಲೆ ತಾನೇ ಓಟಿ ಗೊತ್ತಾಗುವುದು. ಸ್ಯಾಂಪಲ್ ನೋಡಲು ಪುರಸೊತ್ತಿಲ್ಲದ ದಿನಗಳಿಗೆ ಅಂತ ಒಂದು ಸರಾಸರಿ ಸಂಖ್ಯೆ ಇಟ್ಟುಕೊಂಡಿದ್ದರು, ಅದೇ ಬರಬರುತ್ತಾ ಸೆಟ್ಟಿಂಗ್ ಆಗಿಬಿಟ್ಟಿತ್ತು. ತೇವಾಂಶವೂ ಹಾಗೇ, ಲೋಡಿಗೆ ಸೇರಿದ್ದು. ಎರಡನ್ನೂ ಚೀಟಿಯ ಪರದೆಗೇ ಕಳಿಸಿದೆವು. ಖಾನೆ ಖಾಲಿ ಇದ್ದರೆ ಚೀಟಿ ಪ್ರಿಂಟ್ ಆಗುವುದಿಲ್ಲ.

ದರ ಯಾರದ್ದು? ದಿನದ್ದು. ಕೆಲವು ಸಲ ಮಧ್ಯಾಹ್ನಕ್ಕೇ ಬದಲಾಗುತ್ತದೆ. ದಿನಾ ಮುಟ್ಟುವುದನ್ನು ಸೆಟ್ಟಿಂಗ್ಸ್ ಒಳಗೆ ಬಚ್ಚಿಡುವುದು ಯಾಕೆ? ಮುಖ್ಯ ಪರದೆಯ ಮೇಲ್ಗಡೆ ದೊಡ್ಡದಾಗಿ ಇಟ್ಟೆವು. ಒಳಗೆ ಅದಕ್ಕೊಂದು ಟೇಬಲ್ ಇದೆ. ಹೊಸ ದರ ಹಾಕಿದರೆ ಹಳೆಯ ಸಾಲು ಅಳಿಸುವುದಿಲ್ಲ, 'ಈ ಹೊತ್ತಿನಿಂದ ಈ ದರ' ಅಂತ ಹೊಸ ಸಾಲು ಸೇರುತ್ತದೆ.

ಚೀಲದ ತೂಕ ಅಂಗಡಿಗೆ ಸೇರಿದ್ದು, ನಿಜ. ಆದರೆ ಗೋಣಿಚೀಲ ಬೇರೆ, ಪ್ಲಾಸ್ಟಿಕ್ ಚೀಲ ಬೇರೆ. ಇಷ್ಟು ವರ್ಷ ಎರಡಕ್ಕೂ ಒಂದೇ ಸಂಖ್ಯೆ ಕಳೆಯುತ್ತಿದ್ದರು. ಇದನ್ನು ಎತ್ತಿದ್ದು ತೂಕ ಹಾಕುವ ಹುಡುಗ. ಮಾಲೀಕರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ "ಎರಡು ಖಾನೆ ಮಾಡಿ" ಅಂದರು. ತೂಕದ ಮೆಷಿನ್‌ನ ಪೋರ್ಟ್, ಪ್ರಿಂಟರ್, ಇವೆರಡೂ ಅಂಗಡಿಯದ್ದಲ್ಲ, ಆ ಕಂಪ್ಯೂಟರ್‌ನದ್ದು. ಅಕ್ಷರದ ಅಳತೆ ಕೂತವರ ಕಣ್ಣಿನದ್ದು.

ಕೊನೆಗೆ ಸೆಟ್ಟಿಂಗ್ಸ್ ಪರದೆಯಲ್ಲಿ ಉಳಿದದ್ದು ಎರಡೇ ಟ್ಯಾಬ್. 'ಅಂಗಡಿ' ಅಂತ ಒಂದು, 'ಈ ಕಂಪ್ಯೂಟರ್' ಅಂತ ಇನ್ನೊಂದು. ಉಳಿಸುವ ಜಾಗವೂ ಬೇರೆ ಬೇರೆ. ಅಂಗಡಿಯ ವಿಷಯ ಡೇಟಾಬೇಸ್ ಒಳಗೇ ಹೋಗುತ್ತದೆ, ಕಂಪ್ಯೂಟರ್‌ನ ವಿಷಯ ವಿಂಡೋಸ್‌ನ ಆಪ್‌ಡೇಟಾ ಫೋಲ್ಡರ್‌ನಲ್ಲಿ ಒಂದು ಜೇಸನ್ ಫೈಲಿಗೆ. ಹೀಗೆ ಮಾಡಿದರೆ ನಾಳೆ ಡೇಟಾಬೇಸನ್ನು ಇನ್ನೊಂದು ಲ್ಯಾಪ್‌ಟಾಪ್‌ಗೆ ಕಾಪಿ ಮಾಡಿದಾಗ ಚೀಲದ ತೂಕ ಜೊತೆಗೆ ಬರುತ್ತದೆ, ಇಲ್ಲದ ಪ್ರಿಂಟರ್‌ನ ಹೆಸರು ಬರುವುದಿಲ್ಲ. ಚೀಟಿಯ ಟೇಬಲ್‌ಗೆ ದರ, ಓಟಿ, ಕಳೆದ ತೂಕ, ಮೊತ್ತ ಎಲ್ಲಕ್ಕೂ ಕಾಲಂ ಸೇರಿಸಿದೆವು. ಚೀಟಿ ಆದ ಕ್ಷಣದ ಬೆಲೆಗಳು ಅದರ ಜೊತೆಗೇ ಉಳಿಯುತ್ತವೆ, ಮತ್ತೆ ಪ್ರಿಂಟ್ ಮಾಡಿದರೆ ಮರುಲೆಕ್ಕವಿಲ್ಲ. ಹಳೆಯ ಚೀಟಿಗಳಿಗೆ ಈ ಮಾಹಿತಿ ಇರಲಿಲ್ಲ. ಕಾರ್ಬನ್ ಪ್ರತಿ ಇದ್ದವನ್ನು ಅಕ್ಕ ನೋಡಿ ತುಂಬಿಸಿದರು, ಇಲ್ಲದವು ಪ್ರಿಂಟ್ ಆಗುವುದೇ ಇಲ್ಲ. ಸುಳ್ಳು ಮೊತ್ತ ತೋರಿಸುವುದಕ್ಕಿಂತ ಅದೇ ವಾಸಿ.

ಇನ್ನು ಪರದೆ ಕಟ್ಟಿದ ವಿಷಯ.

ಟಾಪ್‌ಲೆವೆಲ್ ವಿಂಡೋ ಒಂದು, ಅದರೊಳಗೆ ಟ್ಯಾಬ್‌ಗಳನ್ನು ಹಿಡಿಯುವ ನೋಟ್‌ಬುಕ್ ವಿಜೆಟ್ (ಖಾನೆ, ಬಟನ್, ಪಟ್ಟಿಯಂಥ ಪರದೆಯ ಬಿಡಿಭಾಗಕ್ಕೆ ವಿಜೆಟ್ ಅನ್ನುತ್ತಾರೆ). ಟ್ರಾನ್ಸಿಯೆಂಟ್ ಮಾಡಿದರೆ ಅದು ಮುಖ್ಯ ವಿಂಡೋದ ಮೇಲೇ ನಿಲ್ಲುತ್ತದೆ, ಹಿಂದೆ ಹೋಗಿ ಅಡಗುವುದಿಲ್ಲ. ಗ್ರ್ಯಾಬ್‌ಸೆಟ್ ಕರೆದರೆ ಇದನ್ನು ಮುಚ್ಚುವ ತನಕ ಹಿಂದಿನ ಪರದೆಯಲ್ಲಿ ಏನೂ ಒತ್ತಲಾಗುವುದಿಲ್ಲ, ಎರಡೆರಡು ಸೆಟ್ಟಿಂಗ್ಸ್ ವಿಂಡೋ ತೆರೆಯುವ ಪ್ರಶ್ನೆಯೂ ಇಲ್ಲ. ಪರದೆಯನ್ನು ನಡೆಸುವ ಇವೆಂಟ್ ಲೂಪ್ ಮಾತ್ರ ಓಡುತ್ತಲೇ ಇರುತ್ತದೆ, ಹಾಗಾಗಿ ಹಿಂದೆ ತೂಕದ ಅಂಕಿ ಬದಲಾಗುತ್ತಾ ಇರುವುದು ಕಾಣುತ್ತದೆ.

ಪರದೆಯ ಖಾನೆಗಳು ನಿಜವಾದ ಸೆಟ್ಟಿಂಗನ್ನು ನೇರವಾಗಿ ಮುಟ್ಟಬಾರದು. ತೆರೆದ ತಕ್ಷಣ ಒಂದು ನಕಲು ಮಾಡಿಕೊಳ್ಳುವುದು, ತಿದ್ದುವುದೆಲ್ಲ ಆ ನಕಲಿನಲ್ಲಿ, 'ಸರಿ' ಒತ್ತಿದಾಗ ಪೂರ್ತಿ ಪರೀಕ್ಷಿಸಿ ಒಂದೇ ಸಲಕ್ಕೆ ಒಳಗೆ ಹಾಕುವುದು. 'ಬೇಡ' ಒತ್ತಿದರೂ, ಮೂಲೆಯ ಗುಣಿಸು ಚಿಹ್ನೆ ಒತ್ತಿದರೂ ನಕಲು ಕಸದ ಬುಟ್ಟಿಗೆ. ಆ ಗುಣಿಸು ಚಿಹ್ನೆಗೆ ಬೇರೆಯಾಗಿ ಪ್ರೋಟೋಕಾಲ್ ಹ್ಯಾಂಡ್ಲರ್ (ಒತ್ತಿದಾಗ ಓಡುವ ಫಂಕ್ಷನ್) ಕೊಡಬೇಕು, ಇಲ್ಲದಿದ್ದರೆ 'ಬೇಡ' ಬಟನ್‌ನ ಕೆಲಸ ಅಲ್ಲಿ ನಡೆಯುವುದಿಲ್ಲ. 'ಅಪ್ಲೈ' ಬಟನ್ ಇಡಲಿಲ್ಲ. ಎರಡು ಟ್ಯಾಬ್‌ಗೆ ಮೂರು ಬಟನ್ ಯಾಕೆ?

ಖಾನೆಗಳ ಹಿಂದಿನ ವೇರಿಯಬಲ್ ಎಲ್ಲವೂ ಸ್ಟ್ರಿಂಗ್‌ವಾರ್, ಅಂದರೆ ಅಕ್ಷರ ಹಿಡಿಯುವಂಥದ್ದು. ಸಂಖ್ಯೆಗೆ ಡಬಲ್‌ವಾರ್ ಇದೆಯಲ್ಲ ಅಂತ ಅನ್ನಿಸಬಹುದು, ಆದರೆ ಖಾನೆ ಖಾಲಿ ಇದ್ದಾಗ ಅದರ ಬೆಲೆ ಕೇಳಿದರೆ ಎರರ್ ಎಸೆಯುತ್ತದೆ. ಜನ ಟೈಪ್ ಮಾಡುವುದು ಅಕ್ಷರ, ಅಕ್ಷರವಾಗಿಯೇ ತೆಗೆದುಕೊಂಡು ನಾವು ಪರೀಕ್ಷಿಸುವುದು ಒಳ್ಳೆಯದು. ಕಾಮಾ ಬಂದರೆ ತೆಗೆದುಹಾಕು, ಹಿಂದೆಮುಂದೆ ಖಾಲಿ ಜಾಗ ಇದ್ದರೆ ತೆಗೆ, ಆಮೇಲೆ ಸಂಖ್ಯೆ ಮಾಡು. ಖುಷಿಯ ವಿಷಯ ಅಂದರೆ ಕನ್ನಡ ಅಂಕಿಗಳನ್ನು ಪೈಥಾನ್ ಹಾಗೇ ಒಪ್ಪಿಕೊಳ್ಳುತ್ತದೆ. ೨೬.೫ ಅಂತ ಟೈಪ್ ಮಾಡಿದರೂ ಅದಕ್ಕೆ 26.5 ಅಂತಲೇ ಅರ್ಥವಾಗುತ್ತದೆ. ಹಳೆಯ ಸ್ಕ್ರಿಪ್ಟ್‌ನಲ್ಲಿ ಒಂದು ಕಡೆ 0ರಿಂದ 9ರ ತನಕದ ಇಂಗ್ಲಿಷ್ ಅಂಕಿ ಮಾತ್ರ ಬಿಡುವ ತಪಾಸಣೆ ಇತ್ತು, ಅದನ್ನು ಕಿತ್ತುಹಾಕಿದೆ.

ಪ್ರತಿ ಅಕ್ಷರ ಒತ್ತಿದಾಗಲೂ ತಪಾಸಣೆ ಮಾಡುವ ಸೌಲಭ್ಯ ಟಿಕಿಂಟರ್‌ನಲ್ಲಿದೆ. ಈ ಥರದ ಖಾನೆಗೆ ನನಗೆ ಅದು ಇಷ್ಟವಿಲ್ಲ. 26.5 ಟೈಪ್ ಮಾಡುವ ದಾರಿಯಲ್ಲಿ ಮೊದಲು ಖಾನೆ ಖಾಲಿ ಇರುತ್ತದೆ, ಆಮೇಲೆ ಬರೀ 2, ಆಮೇಲೆ ಪಾಯಿಂಟ್‌ಗೆ ಬಂದು ನಿಂತ 26. ಕಟ್ಟುನಿಟ್ಟಾಗಿ ತಡೆದರೆ ಹಳೆಯ ಸಂಖ್ಯೆಯ ಕೊನೆಯ ಅಂಕಿ ಅಳಿಸಲೂ ಆಗುವುದಿಲ್ಲ. ಅದರ ಮೇಲೆ ಇನ್ನೊಂದು ವಿಚಿತ್ರ: ತಪಾಸಣೆಯ ಫಂಕ್ಷನ್ ಒಳಗೆ ಎರರ್ ಆದರೆ ಅಲ್ಲಿಂದಾಚೆ ಆ ಖಾನೆಯ ತಪಾಸಣೆಯೇ ಬಂದ್ ಆಗುತ್ತದೆ. ಹಾಗಾಗಿ 'ಸರಿ' ಒತ್ತಿದಾಗಲೇ ಪರೀಕ್ಷೆ. ತಪ್ಪಿದ್ದರೆ ಆ ಖಾನೆ ಇರುವ ಟ್ಯಾಬ್ ತಾನಾಗಿ ಮುಂದೆ ಬರುತ್ತದೆ, ಕರ್ಸರ್ ಅಲ್ಲೇ ಕೂರುತ್ತದೆ, ಕೆಳಗೆ ಕೆಂಪಿನಲ್ಲಿ 'ಚೀಲದ ತೂಕ 0ಯಿಂದ 3 ಕೆಜಿ ಒಳಗಿರಬೇಕು' ಅಂತ ಬರುತ್ತದೆ. 'ತಪ್ಪು ಮೌಲ್ಯ' ಅಂತ ಬರೆದು ಕೈತೊಳೆದುಕೊಳ್ಳುವ ಪ್ರೋಗ್ರಾಂಗಳನ್ನು ಕಂಡರೆ ನನಗಾಗುವುದಿಲ್ಲ.

ಟಿಕ್ ಮಾಡುವ ಚೌಕದಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ, ಹೇಳಿಬಿಡುತ್ತೇನೆ. ವೇರಿಯಬಲನ್ನು ಫಂಕ್ಷನ್ ಒಳಗೆ ಮಾಡಿ ಎಲ್ಲೂ ಹಿಡಿದಿಟ್ಟುಕೊಳ್ಳದಿದ್ದರೆ, ಫಂಕ್ಷನ್ ಮುಗಿದ ಕೂಡಲೇ ಪೈಥಾನ್ ಅದನ್ನು ಗುಡಿಸಿಹಾಕುತ್ತದೆ, ಟಿಕಿಂಟರ್‌ನ ಅಡಿಯಲ್ಲಿರುವ ಟಿಕೆ ಕಡೆಯಲ್ಲೂ ಅಳಿಸುತ್ತದೆ. ಆಗ ಚೌಕ ಟಿಕ್ಕೂ ಅಲ್ಲದ ಖಾಲಿಯೂ ಅಲ್ಲದ ಸ್ಥಿತಿಯಲ್ಲಿ ಕಾಣುತ್ತದೆ. ವೇರಿಯಬಲ್‌ಗಳನ್ನೆಲ್ಲ ವಿಂಡೋದ ಆಬ್ಜೆಕ್ಟ್‌ಗೇ ಕಟ್ಟಿಡಿ.

ಪೋರ್ಟ್ ವಿಷಯಕ್ಕೆ ಹೆಚ್ಚು ಹೊತ್ತು ಹೋಯಿತು. ತೂಕದ ಮೆಷಿನ್‌ನಿಂದ ಸೀರಿಯಲ್ ಕೇಬಲ್, ಅದಕ್ಕೆ ಯುಎಸ್‌ಬಿ ಕನ್ವರ್ಟರ್. ಗುಡಿಸುವಾಗ ಕೇಬಲ್ ಕಿತ್ತು ಪಕ್ಕದ ತೂತಿಗೆ ಚುಚ್ಚಿದರೆ ಸಾಕು, ಇಂಥ ಅಗ್ಗದ ಕನ್ವರ್ಟರ್‌ಗಳಿಗೆ ವಿಂಡೋಸ್ ಬೇರೆ ಕಾಂ ನಂಬರ್ (ಪೋರ್ಟ್‌ನ ಹೆಸರು) ಕೊಡುತ್ತದೆ. ಮೊದಲು ಕಾಂ3 ಇದ್ದದ್ದು ಕಾಂ5 ಆಗುತ್ತದೆ. ಪ್ರೋಗ್ರಾಂ ಕಾಂ3ರಲ್ಲೇ ಹುಡುಕುತ್ತಾ ಕೂರುತ್ತದೆ. ಹಾಗಾಗಿ ಇಲ್ಲಿ ಟೈಪ್ ಮಾಡುವ ಖಾನೆ ಬೇಡ, ಆರಿಸುವ ಪಟ್ಟಿ ಬೇಕು. ಪೈಸೀರಿಯಲ್ ಲೈಬ್ರರಿಯನ್ನು ಕೇಳಿದರೆ ಈಗ ಸಿಕ್ಕಿಸಿರುವ ಪೋರ್ಟ್‌ಗಳನ್ನೆಲ್ಲ ಕೊಡುತ್ತದೆ. ಆರಿಸುವ ಪಟ್ಟಿಯ ವಿಜೆಟ್ ಆದ ಕಾಂಬೋಬಾಕ್ಸ್‌ಗೆ ಪೋಸ್ಟ್‌ಕಮಾಂಡ್ ಅಂತ ಒಂದು ಆಯ್ಕೆ ಇದೆ, ಪಟ್ಟಿ ಬಿಚ್ಚುವ ಮುಂಚೆ ನಮ್ಮ ಫಂಕ್ಷನ್ ಕರೆಯುತ್ತದೆ. ಅದರಲ್ಲಿ ಪಟ್ಟಿಯನ್ನು ಹೊಸದಾಗಿ ತುಂಬಿಸಿದರೆ, ಪರದೆ ತೆರೆದಿರುವಾಗಲೇ ಕೇಬಲ್ ಸಿಕ್ಕಿಸಿದರೂ ಕಾಣುತ್ತದೆ. ಪಕ್ಕದಲ್ಲಿ 'ತೂಗಿ ನೋಡಿ' ಅನ್ನುವ ಬಟನ್. ಒತ್ತಿದರೆ ಆ ಪೋರ್ಟ್‌ನಿಂದ ಬಂದ ತೂಕ ಅಲ್ಲೇ ಕಾಣಬೇಕು. ಈ ಓದುವ ಕೆಲಸವನ್ನು ಪರದೆಯ ಜೊತೆಜೊತೆಗೇ ಓಡುವ ಬೇರೆ ಥ್ರೆಡ್‌ಗೆ ಹಾಕಿ, ಟೈಮ್‌ಔಟ್ ಇಡಿ, ಉತ್ತರವನ್ನು ಕ್ಯೂ ಮೂಲಕ ತಂದು ಆಫ್ಟರ್ ಕರೆಯಿಂದ ತೋರಿಸಿ. ಇಲ್ಲದಿದ್ದರೆ ತಪ್ಪು ಪೋರ್ಟ್ ಆರಿಸಿದಾಗ ಇಡೀ ಪರದೆ ಬಿಳಿಚಿಕೊಂಡು ನಿಲ್ಲುತ್ತದೆ. ತೂಕ ಹಾಕುವ ಹುಡುಗನಿಗೆ ಇಡೀ ಪ್ರೋಗ್ರಾಂನಲ್ಲಿ ಮೆಚ್ಚುಗೆಯಾದದ್ದು ಈ ಬಟನ್ ಒಂದೇ. ಚಕ್ರದ ಗಾಡಿ ಇಟ್ಟು, ತಾನೇ ನಿಂತು, ಚಹಾ ತಂದವನನ್ನೂ ನಿಲ್ಲಿಸಿ ನೋಡಿದ.

ಅಕ್ಷರದ ಅಳತೆ ಮಾಲೀಕರ ಬೇಡಿಕೆ, ಕನ್ನಡಕ ಮನೆಯಲ್ಲಿ ಮರೆತು ಬರುವ ದಿನಗಳಿಗೆ. ಟಿಕಿಂಟರ್‌ನಲ್ಲಿ ಹೆಸರಿಟ್ಟ ಫಾಂಟ್‌ಗಳಿವೆ. ಅವುಗಳ ಅಳತೆ ಬದಲಾಯಿಸಿದರೆ ಅವನ್ನು ಬಳಸುವ ಎಲ್ಲ ವಿಜೆಟ್‌ಗಳೂ ಆ ಕ್ಷಣವೇ ಬದಲಾಗುತ್ತವೆ, ಪ್ರೋಗ್ರಾಂ ಮುಚ್ಚಿ ತೆರೆಯಬೇಕಿಲ್ಲ. ಡಿಫಾಲ್ಟ್ ಫಾಂಟ್ ಒಂದನ್ನೇ ಬದಲಾಯಿಸಿದರೆ ಸಾಲದು, ಟೈಪ್ ಮಾಡುವ ಖಾನೆಗಳಿಗೆ ಟೆಕ್ಸ್ಟ್ ಫಾಂಟ್ ಬೇರೆ ಇದೆ. ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ ಜೊತೆಗೇ ಬರುವುದರಿಂದ ಕನ್ನಡಕ್ಕೆ ಅದನ್ನೇ ಇಟ್ಟೆವು. ಎಲ್ಲ ಸರಿಯಾಯಿತು ಅಂದುಕೊಂಡರೆ ಚೀಟಿಗಳ ಪಟ್ಟಿ ಕೈಕೊಟ್ಟಿತು. ಟ್ರೀವ್ಯೂ ವಿಜೆಟ್‌ನ ಸಾಲಿನ ಎತ್ತರ ಫಾಂಟ್ ಜೊತೆ ಬೆಳೆಯುವುದಿಲ್ಲ. ಇಂಗ್ಲಿಷ್‌ನಲ್ಲಿ ಸ್ವಲ್ಪ ಇಕ್ಕಟ್ಟಾಗಿ ಕಾಣಬಹುದು, ಕನ್ನಡದಲ್ಲಿ ಒತ್ತಕ್ಷರವೇ ಕತ್ತರಿಸಿ ಹೋಗುತ್ತದೆ. 'ಒಟ್ಟು' ಅನ್ನುವುದು 'ಒಟು' ಥರ, 'ಗೋಣಿಕೊಪ್ಪ' ಅನ್ನುವುದು 'ಗೋಣಿಕೊಪ' ಥರ. ಫಾಂಟನ್ನೇ ಕೇಳಿ ಅದರ ಸಾಲಿನ ಎತ್ತರ ತಿಳಿದುಕೊಂಡು, ಅದಕ್ಕೆ ನಾಲ್ಕಾರು ಪಿಕ್ಸೆಲ್ ಸೇರಿಸಿ, ಸ್ಟೈಲ್‌ನಲ್ಲಿ ರೋಹೈಟ್ ಹಾಕಿದ ಮೇಲೆ ಒತ್ತುಗಳು ವಾಪಸ್ ಬಂದವು.

ಅಳತೆ ಜಾಸ್ತಿ ಮಾಡಿದಾಗ ಇನ್ನೊಂದು. ಅಲ್ಲಿರುವುದು 1366×768 ಪರದೆಯ ಹಳೆಯ ಲ್ಯಾಪ್‌ಟಾಪ್. ದೊಡ್ಡ ಅಕ್ಷರದಲ್ಲಿ ಸೆಟ್ಟಿಂಗ್ಸ್ ವಿಂಡೋದ ಬುಡ ಹೊರಗೆ ಹೋಗಿ 'ಸರಿ' ಬಟನ್ನೇ ಕಾಣೆ. ಚಿಕ್ಕದು ಮಾಡೋಣ ಅಂದರೆ ಒತ್ತಲು ಬಟನ್ ಇಲ್ಲ! ವಿಂಡೋದ ಎತ್ತರವನ್ನು ಪರದೆಗೆ ತಕ್ಕಂತೆ ಕಟ್ಟಿಹಾಕಿ, ಬಟನ್‌ಗಳ ಸಾಲನ್ನು ನೋಟ್‌ಬುಕ್‌ಗಿಂತ ಮೊದಲೇ ಕೆಳಬದಿಗೆ ಪ್ಯಾಕ್ ಮಾಡಿದರೆ ಸರಿಹೋಗುತ್ತದೆ. ಪ್ಯಾಕ್ ಮೊದಲು ಬಂದವರಿಗೆ ಮೊದಲು ಜಾಗ ಕೊಡುತ್ತದೆ, ಇಕ್ಕಟ್ಟಾದರೆ ಕುಗ್ಗುವುದು ಕೊನೆಗೆ ಬಂದವರು.

ಉಳಿಸುವ ವಿಚಾರದಲ್ಲಿ ಕೊಡಗಿನ ಕರೆಂಟನ್ನು ಮರೆಯಬಾರದು. ಮಳೆಗಾಲದ ಮಾತು ಬಿಡಿ, ಕಾಫಿ ಕೊಳ್ಳುವ ಹೊತ್ತಲ್ಲೇ, ಫೆಬ್ರವರಿ-ಮಾರ್ಚ್‌ನಲ್ಲಿ ಒಂದು ಹೂಮಳೆ ಗಾಳಿ ಸಮೇತ ಬಂದರೆ ಎಲ್ಲೋ ಒಂದು ಮರ ಲೈನ್ ಮೇಲೆ ಬಿದ್ದಿರುತ್ತದೆ. ಆ ಲ್ಯಾಪ್‌ಟಾಪ್‌ನ ಬ್ಯಾಟರಿ ಸತ್ತು ವರ್ಷಗಳಾಗಿವೆ. ಫೈಲನ್ನು ಬರೆಯಲು ತೆರೆದ ಕ್ಷಣಕ್ಕೇ ಹಳೆಯದು ಖಾಲಿಯಾಗುತ್ತದೆ. ಹೊಸದು ಬರೆದು ಮುಗಿಯುವ ಮುಂಚೆ ಕರೆಂಟ್ ಹೋದರೆ ಎರಡೂ ಇಲ್ಲ. ಹಾಗಾಗಿ ಪಕ್ಕದಲ್ಲೇ, ಅದೇ ಫೋಲ್ಡರ್‌ನಲ್ಲಿ, ಬೇರೆ ಹೆಸರಿನ ಫೈಲಿಗೆ ಪೂರ್ತಿ ಬರೆದು, ಎಫ್‌ಸಿಂಕ್ ಮಾಡಿ ಡಿಸ್ಕಿಗೆ ಇಳಿಸಿ, ಆಮೇಲೆ ರಿಪ್ಲೇಸ್ ಕರೆಯಿಂದ ಹಳೆಯದರ ಜಾಗಕ್ಕೆ ಕೂರಿಸುವುದು. ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಅಲ್ಲಿದ್ದಂಥ ವಿಂಡೋಸ್‌ನಲ್ಲಿ ಪೈಥಾನ್ ಕನ್ನಡವಿಲ್ಲದ ಹಳೆಯ ಕೋಡ್‌ಪೇಜ್ (ಅಕ್ಷರಗಳ ಕೋಷ್ಟಕ) ಹಿಡಿಯುತ್ತದೆ, ಕನ್ನಡದ ಮೊದಲ ಅಕ್ಷರಕ್ಕೇ ಎರರ್. ಓದುವಾಗ ಮೊದಲು ಪ್ರೋಗ್ರಾಂ ಒಳಗಿನ ಡಿಫಾಲ್ಟ್‌ಗಳು, ಅದರ ಮೇಲೆ ಫೈಲಿನಲ್ಲಿದ್ದವು. ಫೈಲ್ ಹಾಳಾಗಿದ್ದರೂ ಪ್ರೋಗ್ರಾಂ ತೆರೆಯಲೇಬೇಕು, 'ಪೋರ್ಟ್ ಮತ್ತೆ ಆರಿಸಿ' ಅಂತ ಹೇಳಿದರೆ ಸಾಕು.

ಒಂದೇ ವಿಷಯಕ್ಕೆ ಮಾಲೀಕರಿಗೂ ನನಗೂ ಒಮ್ಮತ ಬರಲಿಲ್ಲ. 'ಅಂಗಡಿ' ಟ್ಯಾಬ್‌ಗೆ ಪಾಸ್‌ವರ್ಡ್ ಬೇಕು ಅಂದರು. ಡೇಟಾಬೇಸ್ ಫೈಲ್ ಅದೇ ಕಂಪ್ಯೂಟರ್‌ನಲ್ಲಿ ಬಿದ್ದಿದೆ, ಸ್ಕ್ರಿಪ್ಟ್ ಯಾರು ಬೇಕಾದರೂ ತೆರೆಯಬಹುದು. ಪಾಸ್‌ವರ್ಡ್ ಇಟ್ಟರೆ ಅಕ್ಕನಿಗೆ ಕಿರಿಕಿರಿ, ಬೇಕಂತಲೇ ಮಾಡುವವನಿಗೆ ಏನೂ ಅಲ್ಲ. ಬದಲಿಗೆ ಪ್ರತಿ ಬದಲಾವಣೆಗೂ ಒಂದು ಸಾಲು ಉಳಿಸೋಣ ಅಂದೆ: ಯಾವಾಗ, ಯಾವುದು, ಹಳೆಯದೆಷ್ಟು, ಹೊಸದೆಷ್ಟು. ಆ ಪಟ್ಟಿ ಅದೇ ಟ್ಯಾಬ್‌ನ ಕೆಳಗೆ ಎಲ್ಲರಿಗೂ ಕಾಣುತ್ತದೆ. ಕೊನೆಗೆ ಎರಡೂ ಆಯಿತು. ನಾಲ್ಕು ಅಂಕಿಯ ಪಿನ್ ಇದೆ, ಅದು ಮಾನಿಟರ್ ಪಕ್ಕ ಚೀಟಿಯಲ್ಲಿ ಅಂಟಿಸಿದೆ. ಪಟ್ಟಿಯೂ ಇದೆ, ಮಾಲೀಕರು ಸಂಜೆ ನೋಡುವುದು ಅದನ್ನೇ.

ಕರಿಮೆಣಸು ಬರಲು ಶುರುವಾದಾಗ ಹೊಸ ಬೇಡಿಕೆ ಬಂತು. ಮೆಣಸಿಗೆ ಓಟಿ ಇಲ್ಲ, ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು ಮುಖ್ಯ. ಅದಕ್ಕೊಂದು ಸೆಟ್ಟಿಂಗ್ ಮಾಡಿ ಅಂದರು ಮಾಲೀಕರು. ನಾನು ಬಾಯಿ ತೆರೆಯುವ ಮುಂಚೆ ಅಕ್ಕ "ಅದು ಲೋಡಿಂದಲ್ವಾ ಅಣ್ಣ, ಚೀಟಿ ಪರದೆಗೆ ಹೋಗ್ಬೇಕು" ಅಂದರು. ಅಲ್ಲಿಗೇ ಹಾಕಿದೆವು.